ತುದಿ ಮುಟ್ಟಿ ಬರತೇನಿ

ಪ್ರವೇಶದ ಬಾಗಿಲ ಬದಿಯ ಹಸಿರು ಫಲಕದ ಮೇಲೆ ‘ಕೆರೆ–ಗುಡ್ಡದ ನಡಿಗೆ ದಾರಿ, ಮೂರು ಕಿಲೋಮೀಟರ್, ಕುಟುಂಬ ಸಮೇತ ನಡೆಯಲು ಸುಲಭ’ ಎಂದು ಬರೆದಿದ್ದನ್ನು ಗಿರಮಲ್ಲಪ್ಪ ಮೂರು ಸಲ ಓದಿದ. ಮೂರನೆಯ ಸಲ ‘ಕುಟುಂಬ ಸಮೇತ’ ಎನ್ನುವಲ್ಲಿಗೆ ಬಂದಾಗ ಯಾರೋ ತನ್ನನ್ನು ನೋಡಿಯೇ ಬರೆಸಿದ್ದಾರೆ ಎನ್ನಿಸಿ ಮುಖ ಬಿಸಿಯಾಯಿತು. ಅಕ್ಷರಗಳ ಕೆಳಗೆ ದಾರಿಯ ನಕ್ಷೆಯೊಂದಿತ್ತು. ಅದನ್ನು ನೋಡಲಿಲ್ಲ. ದಾರಿಯೆಂದರೆ ಹೋಗುವುದು, ಬರುವುದು; ಅದಕ್ಕೊಂದು ನಕ್ಷೆ ಬೇರೆ ಕೇಡು. ಬೆನ್ನ ಹಿಂದೆ ಕಾರಿನ ಬಾಗಿಲು ತೆರೆದ ಸಪ್ಪಳ, ಅದರ ಹಿಂದೆ ಬಳೆಗಳ ಸಪ್ಪಳ ಕೇಳಿಸಿತು. ಶೇವಂತಿ ಇಳಿಯುತ್ತಿದ್ದಳು. ಐದು ತಿಂಗಳ ಹಿಂದೆ ‘ಎಂಟ ದಿನಾ ಇದ್ದ ಬರತೇನ್ರಿ’ ಎಂದು ಹೊಳೆದಂಡೆಯ ಗಲಗಲಿಗೆ, ಅಣ್ಣನ ಮನೆಗೆ ಹೋದ ಅವನ ಹೆಂಡತಿ ಬನಹಟ್ಟಿಗೆ ತಿರುಗಿ ಬಂದಿರಲಿಲ್ಲ. ಇವತ್ತು ಅಮಾವಾಸ್ಯೆ. ನೇಕಾರರ ಓಣಿಯಲ್ಲಿ ಮಗ್ಗಗಳು ನಿಲ್ಲುವ ದಿನ. ಮುಧೋಳದಲ್ಲಿ ಮಾಸ್ತರಿಕೆ ಮಾಡುವ ಅಳಿಯ ವೀರೇಶ, ಮಗಳು ರಾಜಶ್ರೀ ಇಬ್ಬರೂ ಸೇರಿ ಗುಡ್ಡ ತೋರಿಸುವ ನೆಪದಲ್ಲಿ ಗಲಗಲಿಗೆ ಹೋಗಿ ಅವಳನ್ನು ಕರೆತಂದಿದ್ದರು. ಅವನನ್ನು ಬೀಳಗಿಯ ಬಸ್ ನಿಲ್ದಾಣದಲ್ಲಿ ಹತ್ತಿಸಿಕೊಂಡಿದ್ದರು. ಮುಂದಿನ ಸೀಟು ಅವನಿಗೆ, ಹಿಂದಿನದು ಅವಳಿಗೆ. ‘ಬಂದ್ರಿ?’ ಎಂದು ಅವಳು ಕೇಳಿದ್ದಳು, ‘ಹೂಂ’ ಎಂದು ಇವನು ಗಾಜಿಗೆ ಹೇಳಿದ್ದ. ಐದು ತಿಂಗಳಲ್ಲಿ ಅವರ ನಡುವೆ ಆದ ಮಾತು ಅಷ್ಟೇ.

ನಿನ್ನೆ ಫೋನಿನಲ್ಲಿ ರಾಜಶ್ರೀ ಬಿಡಿಸಿ ಹೇಳಿದ್ದಳು. ‘ನಾ ಇಬ್ಬರನೂ ಕೂಡಿಸಿ ಕೊಡತೇನಿ ಅಷ್ಟ ಅಪ್ಪಾ. ಕೇಳಾಂವ ನೀನ. ಮನಿಗೆ ಬಾ ಅಂತ ನಿನ್ನ ಬಾಯಿಂದ ಬರಬೇಕ. ಮಾಮಾ ಅಲ್ಲೇ ಪಡಸಾಲ್ಯಾಗ ಅಕಿಗೆ ಕೈಮಗ್ಗಾ ಹೂಡಾಕ ಕುಣಿ ತಗಸಾಕತ್ತಾನ. ಮಗ್ಗಾ ಕುಂತಿತಂದ್ರ ಅಕಿ ಅಲ್ಲಿಂದ ಏಳೂದಿಲ್ಲ ನೋಡು.’ ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೇ ರಾತ್ರಿಯೆಲ್ಲ ‘ಮನಿಗೆ ಬಾ’ ಎನ್ನುವ ಎರಡು ಮಾತನ್ನು ಬಾಯಲ್ಲಿ ಇಟ್ಟುಕೊಂಡು ಮಲಗಿದ್ದ. ಬೆಳಿಗ್ಗೆ ಎದ್ದಾಗ ಅವು ಅಲ್ಲೇ ಇದ್ದವು. ಬಸ್ಸಿನಲ್ಲಿಯೂ ಇದ್ದವು. ಅವಳ ಬಳೆಯ ಸಪ್ಪಳ ಕೇಳಿದೊಡನೆ ಎಲ್ಲಿ ಅಡಗಿದವೋ ಯಾರಿಗೆ ಗೊತ್ತು.

ದಾರಿ ಕೆರೆಯ ಏರಿಯ ಮೇಲೆ ಶುರುವಾಗುತ್ತಿತ್ತು. ಮಳೆಗಾಲ ಮುಗಿದು ಕೆರೆ ತುಂಬಿತ್ತು, ಆಚೆ ದಡದಲ್ಲಿ ಜಾಲಿ ಗಿಡಗಳು ಮೊಣಕಾಲ ಮಟ್ಟದ ನೀರಿನಲ್ಲಿ ನಿಂತಿದ್ದವು. ಬೇರೆ ಕುಟುಂಬಗಳೂ ಬಂದಿದ್ದವು. ಅಪ್ಪಂದಿರು ಬುತ್ತಿಚೀಲ ಹೊತ್ತಿದ್ದರು, ಅವ್ವಂದಿರು ಮಕ್ಕಳ ಹಿಂದೆ ಓಡುತ್ತಿದ್ದರು, ಎಲ್ಲರೂ ಒಬ್ಬರಿಗೊಬ್ಬರು ಏನಾದರೂ ತೋರಿಸುತ್ತಿದ್ದರು. ಇಷ್ಟು ಮಂದಿ ಗಂಡಹೆಂಡಿರು ಸುಮ್ಮಸುಮ್ಮನೆ ಜೊತೆಯಾಗಿ ನಡೆಯಬಲ್ಲರು ಎನ್ನುವುದೇ ಅವನಿಗೆ ಹೊಸದು. ಕೆಲಸವಿಲ್ಲದೆ ಅವನು ಶೇವಂತಿಯ ಜೊತೆ ಎಂದೂ ನಡೆದಿರಲಿಲ್ಲ. ವೀರೇಶ, ರಾಜಶ್ರೀ, ಐದು ವರ್ಷದ ಮೊಮ್ಮಗಳು ಕಾಂಚನಾ ಬೇಕೆಂದೇ ಮುಂದೆ ಮುಂದೆ ಹೋದರು. ಅವನು ಏರಿಯ ಎಡಗಡೆ, ಅವಳು ಬಲಗಡೆ, ನಡುವೆ ನಾಲ್ಕು ಮೊಳ ಜಾಗ. ಆ ಜಾಗದಲ್ಲಿ ಏನೂ ಇರಲಿಲ್ಲ, ಆದರೂ ಅದನ್ನು ದಾಟಲು ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ ತನ್ನ ಬಲಗೈ ಗಂಜಿಯ ಕುಂಚ ಹಿಡಿದವರ ಹಾಗೆ ಹಿಂದೆ ಮುಂದೆ ಆಡುತ್ತಿತ್ತು. ನಾಚಿಕೆಯಾಗಿ ಕೈಯನ್ನು ಅಂಗಿಯ ಕಿಸೆಗೆ ಹಾಕಿಕೊಂಡ.

ಮದುವೆಯಾದ ಹೊಸತರಲ್ಲಿ ಓಣಿಯ ಉದ್ದಕ್ಕೂ ಹಾಸು ಎಳೆದು ಕಟ್ಟುತ್ತಿದ್ದರು. ಬಟ್ಟೆಯ ಉದ್ದದ ಎಳೆಗಳೆಲ್ಲ ಈ ತುದಿಯಿಂದ ಆ ತುದಿಗೆ, ನಲವತ್ತು ಮಾರು. ನಸುಕಿನಲ್ಲಿ ಗಂಜಿ ಬಳಿದು, ಬಿಸಿಲೇರುವ ಮೊದಲು ಒಣಗಿಸಿ ಸುತ್ತಬೇಕು. ಕುಂಚ ಹಿಡಿದು ನಡೆಯುವುದು ಅವನ ಪಾಲು, ತುದಿ ಹಿಡಿದು ನಿಲ್ಲುವುದು ಅವಳ ಪಾಲು. ‘ನೀ ಹಿಡಕೊಂಡ ನಿಲ್ಲು, ನಾ ತುದಿ ಮುಟ್ಟಿ ಬರತೇನಿ’ ಎಂದು ಹೊರಡುತ್ತಿದ್ದ. ಹೋಗುವಾಗ ಗಂಜಿ ಬಳಿಯುವುದು, ಬರುವಾಗ ಹರಿದ ಎಳೆ ನೋಡಿಕೊಂಡು ಗಂಟು ಹಾಕುವುದು. ತಪ್ಪುಗಳೆಲ್ಲ ಬರುವ ದಾರಿಯಲ್ಲೇ ಕಾಣುತ್ತವೆ ಎಂದು ಅವನ ಅಪ್ಪ ಹೇಳುತ್ತಿದ್ದ. ಓಣಿ ಇನ್ನೂ ಮಲಗಿರುವ ಹೊತ್ತು, ಕೂಗುವಂತಿಲ್ಲ. ಆ ತುದಿಯಿಂದ ಈ ತುದಿಗೆ ಕೈಯಲ್ಲೇ ಮಾತು. ಅಂಗೈ ತೋರಿಸಿದರೆ ನಿಲ್ಲು. ಮುಷ್ಟಿ ತೋರಿಸಿದರೆ ಬಿಗಿ ಹಿಡಿ. ಅಂಗೈ ಅಡ್ಡ ಬೀಸಿದರೆ ಇಲ್ಲ. ಎರಡೂ ಕೈ ಒಂದರ ಸುತ್ತ ಒಂದು ತಿರುಗಿಸಿದರೆ ಆಯಿತು, ಸುತ್ತೋಣ, ಮನೆಗೆ ಒಯ್ಯೋಣ. ಬೆರಳ ತುದಿಯಿಂದ ನೀರು ಕೊಡವಿದ ಹಾಗೆ ಮಾಡಿದರೆ ಇನ್ನೂ ಹಸಿ ಇದೆ, ತಡೆ. ಇದೊಂದನ್ನು ಅವನು ಯಾವತ್ತೂ ಕಂಡರೂ ಕಾಣದವನ ಹಾಗೆ ಇರುತ್ತಿದ್ದ. ಅವನಿಗೆ ಯಾವಾಗಲೂ ಅವಸರ. ಒಂದು ಶ್ರಾವಣದಲ್ಲಿ ಅವಳು ಆ ತುದಿಯಿಂದ ಮೂರು ಸಲ ಬೆರಳು ಕೊಡವಿದರೂ ಇವನು ಹಸಿ ಹಾಸನ್ನೇ ಸುತ್ತಿ ಒಯ್ದ. ಎಳೆಗೆ ಎಳೆ ಅಂಟಿ ಹಲಗೆಯಾಗಿ ಕೂತಿತು. ಹನ್ನೊಂದು ದಿನ ಅವಳು ಉಗುರಿನಿಂದ ಒಂದೊಂದೇ ಎಳೆ ಬಿಡಿಸಿದಳು. ಬೈಯಲಿಲ್ಲ. ಆಗ ರಾಜಶ್ರೀ ಹೊಟ್ಟೆಯಲ್ಲಿದ್ದಳು. ಒಂಬತ್ತು ತಿಂಗಳು ತುಂಬಿದ ಮೇಲೂ ಅವಳು ನಿಂತೇ ತುದಿ ಹಿಡಿದಿದ್ದಳು, ಯಾಕೆಂದರೆ ಹಾಸು ಒಣಗುವವರೆಗೆ ತುದಿ ಹಿಡಿದವರು ಕೂರುವಂತಿಲ್ಲ. ಕೂತರೆ ಎಳೆ ಸಡಿಲಾಗುತ್ತವೆ. ನೀ ಸ್ವಲ್ಪ ಕುಂಡ್ರು, ನಾ ಹಿಡಿಯತೇನಿ ಎಂದು ಒಂದು ದಿನವಾದರೂ ಅಂದಿದ್ದೆನೇ ಎಂದು ಗಿರಮಲ್ಲಪ್ಪ ನೆನಪು ಮಾಡಿಕೊಳ್ಳಲು ನೋಡಿದ. ಅಂದಿರಲಿಲ್ಲ.

‘ಅಜ್ಜಾ, ಬಕ!’ ಎಂದು ಕಾಂಚನಾ ಮುಂದಿನಿಂದ ಕೂಗಿದಳು. ‘ಹೌದವಾ, ಬಕ’ ಎಂದು ಅವನೂ ಕೂಗಿದ. ಮೂವತ್ತು ವರ್ಷ ಮಗ್ಗದ ಸದ್ದಿನಲ್ಲಿ ಮಾತಾಡಿದ ಗಂಟಲು. ಬಕವಷ್ಟೇ ಅಲ್ಲ, ದಂಡೆಯ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು ಹಾರಿದವು. ಕ್ಯಾಮೆರಾ ಹಿಡಿದು ಕೂತಿದ್ದವನೊಬ್ಬ ತಿರುಗಿ ನೋಡಿದ. ಶೇವಂತಿ ಸೆರಗು ಬಾಯಿಗೆ ಹಿಡಿದಳು. ನಕ್ಕಳೋ, ಬೇಸರಪಟ್ಟಳೋ ತಿಳಿಯಲಿಲ್ಲ. ಮೊದಲಾದರೆ ಅವಳ ನಗೆಗೂ ಬೇಸರಕ್ಕೂ ಇರುವ ಫರಕು ಅವನಿಗೆ ಬೆನ್ನು ಮಾಡಿ ಕೂತರೂ ಗೊತ್ತಾಗುತ್ತಿತ್ತು. ಅವಳ ಕುಣಿಮಗ್ಗ ಒಳಗಿನ ಪಡಸಾಲೆಯಲ್ಲಿತ್ತು. ಅವಳು ಚಪ್ಪಲಿ ಕುಣಿಯ ಅಂಚಿಗೆ ಜೋಡಿಸಿಟ್ಟು, ಕಾಲು ಇಳಿಬಿಟ್ಟು ಕೂತರೆ ಸೊಂಟದ ಕೆಳಗೆ ನೆಲದೊಳಗೆ, ಮೇಲೆ ಮಾತ್ರ ಮನೆಯೊಳಗೆ. ಬೇಸಿಗೆಯಲ್ಲಿಯೂ ಕುಣಿಯೊಳಗೆ ತಂಪು. ‘ನನ್ನ ಕಾಲಿಗೆ ಒಂದ ಬ್ಯಾರೆ ಮನಿ ಐತ್ರಿ’ ಎಂದು ನಗುತ್ತಿದ್ದಳು. ಓಣಿಯೆಲ್ಲ ಪಾವರಲೂಮಿಗೆ ಹೋದ ಮೇಲೂ ಅವಳೊಬ್ಬಳು ಲಾಳಿ ಕೈಯಲ್ಲಿ ಎಸೆಯುತ್ತ ಅಲ್ಲೇ ಕೂತಿದ್ದಳು. ಹೋದ ವರ್ಷ ಪಂಚಮಿಗೆ ಅವಳು ತವರಿಗೆ ಹೋದಾಗ ಅವನು ಎರಡು ಹೊಸ ಪಾವರಲೂಮು ಕೂರಿಸಲು ಜಾಗ ಸಾಲದೆ, ಆ ಮಗ್ಗ ಬಿಚ್ಚಿ ಅಟ್ಟಕ್ಕೆ ಏರಿಸಿ, ಕುಣಿಗೆ ಮಣ್ಣು ತುಂಬಿ ಮೇಲೆ ಸಿಮೆಂಟು ಹಾಕಿಸಿದ. ಕೇಳಬೇಕೆಂದು ಹೊಳೆಯಲೇ ಇಲ್ಲ ಎಂದರೆ ಸುಳ್ಳು. ಹೊಳೆದಿತ್ತು. ಕೇಳಿದರೆ ಬೇಡ ಎಂದಾಳೆಂದೇ ಅವಳು ಇಲ್ಲದ ಎಂಟು ದಿನ ಆರಿಸಿಕೊಂಡಿದ್ದ. ಅವಳು ತಂಬಿಟ್ಟಿನ ಡಬ್ಬಿ ಹಿಡಿದು ಬಂದಳು, ಸಪಾಟಾದ ನೆಲ ನೋಡಿದಳು, ಬಲಗಾಲ ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದಳು. ‘ಛಲೋ ಆತ ಬಿಡ್ರಿ, ಕಸಾ ಹೊಡೀಲಿಕ್ಕೆ ಹಗುರಾತು’ ಎಂದಳು. ಅವತ್ತಿನಿಂದ ಕಸ ಹೊಡೆಯುವಾಗಲೂ ಆ ಜಾಗವನ್ನು ತುಳಿಯಲಿಲ್ಲ, ಬಳಸಿಕೊಂಡು ಹೋಗುತ್ತಿದ್ದಳು. ಹತ್ತು ತಿಂಗಳು ಹಾಗೆ ಬಳಸಿ ಬಳಸಿ, ಒಂದು ದಿನ ಚೀಲ ಹಿಡಿದು ಹೊಸ್ತಿಲನ್ನೇ ದಾಟಿದಳು.

ಏರಿ ಮುಗಿದು ದಾರಿ ಗುಡ್ಡಕ್ಕೆ ಹತ್ತಿತು. ಎರಡೂ ಕಡೆ ಬಾರಿ, ಕಾರಿ, ಸೀತಾಫಲದ ಗಿಡಗಳು. ಮೇಲೆ ಮೇಲೆ ಹೋದಂತೆ ಕಮರದ ಮರಗಳ ನೆರಳು. ಅರ್ಧ ದಾರಿಯಲ್ಲಿ ಕಲ್ಲಿನ ಕಟ್ಟೆಯೊಂದನ್ನು ಕಟ್ಟಿದ್ದರು. ಮಗಳ ಕುಟುಂಬ ತಿರುವಿನಾಚೆ ಮರೆಯಾಗಿತ್ತು. ಶೇವಂತಿ ಕಟ್ಟೆಯ ಮೇಲೆ ಕೂತು ಚೀಲವನ್ನು ಪಕ್ಕದಲ್ಲಿಟ್ಟುಕೊಂಡಳು. ‘ಸಾಕ್ರಿ, ಒಂದೀಟ ಕುಂಡ್ರತೇನಿ. ಮಣಕಾಲ ಹಿಡದಾವ. ನೀವೂ ಕುಂಡ್ರರಿ.’ ಚೀಲವಿದ್ದದ್ದು ಕಟ್ಟೆಯ ನಟ್ಟನಡುವೆ. ಕುಂಡ್ರರಿ ಎಂದವಳು ಚೀಲ ತೆಗೆಯಲಿಲ್ಲ. ತೆಗೆದು ಕೂರಬೇಕೋ, ಆಚೆ ಬದಿಗೆ ಕೂರಬೇಕೋ ಗೊತ್ತಾಗದೆ ಅವನು ನಿಂತೇ ಇದ್ದ. ಇದೇ ಹೊತ್ತು, ಇಲ್ಲೇ ಕೇಳಬೇಕು ಎಂದುಕೊಂಡ.

‘ಅಣ್ಣ ಕುಣಿ ತಗಸ್ಯಾನ’ ಎಂದು ಅವಳೇ ಶುರು ಮಾಡಿದಳು. ‘ಮಣಕಾಲ ಮಟಾ ಆಗೇತಿ. ಕೆಳಗ ಕಲ್ಲ ಹತ್ತಿತಂತ, ಅದಕ ನಾಕ ದಿನಾ ಆತು ನಿಂತೇತಿ.’

ನಾಲ್ಕು ದಿನದಿಂದ ನಿಂತಿದೆ. ನಿಂತಿದೆ ಎಂದು ಯಾಕೆ ಹೇಳಿದಳು? ಕೇಳು ಎಂದು ಇದಕ್ಕಿಂತ ಬಿಡಿಸಿ ಯಾವ ಹೆಂಗಸು ಹೇಳುತ್ತಾಳೆ? ಅವನ ಬಾಯಿ ತೆರೆಯಿತು. ‘ಹೊಳಿದಂಡಿ ಮಣ್ಣಿನ್ಯಾಗೂ ಕಲ್ಲ ಹತ್ತತಾವೇನು?’ ಎಂದಿತು.

ಶೇವಂತಿ ಅವನನ್ನು ನೋಡಿದಳು. ‘ಹತ್ತತಾವ್ರಿ’ ಎಂದಳು. ಆಮೇಲೆ ಗುಡ್ಡದ ಕಡೆ ಕತ್ತೆತ್ತಿ, ‘ಮ್ಯಾಲಿಂದ ಹೊಳಿ ಕಾಣತೈತಂತ. ರಾಜಿ ಹೇಳತಿದ್ಲು’ ಎಂದಳು.

‘ನೀ ಯಾಕ ತ್ರಾಸ ಮಾಡ್ಕೋತಿ. ಇಲ್ಲೇ ಕುಂಡ್ರು. ನಾ ತುದಿ ಮುಟ್ಟಿ ಬರತೇನಿ, ಬಂದ ಹೇಳತೇನಿ ಹೆಂಗೈತಿ ಅಂತ.’

‘ಹೋಗ್ರಿ. ನಾ ಯಾವಾಗರೆ ಬ್ಯಾಡ ಅಂದೇನೇನು’ ಎಂದಳು ಶೇವಂತಿ.

ಹತ್ತು ಹೆಜ್ಜೆ ಹೋಗುವುದರೊಳಗೆ ಬೆವರು ಒರೆಸಿಕೊಂಡ. ಓಡಿಹೋಗುವವರ ಹಾಗೆ ಹೊರಟಿದ್ದನ್ನು ಅವಳು ನೋಡಿದ್ದಾಳೆ. ಆಗಲಿ, ಹೋಗುತ್ತ ಮಾತನ್ನು ಸರಿಮಾಡಿಕೊಳ್ಳುವುದು, ಬರುತ್ತ ಅದೇ ಕಟ್ಟೆಯ ಮೇಲೆ, ಚೀಲ ಸರಿಸಿ, ಕೂತು, ಕೇಳುವುದು. ಹಾಗೆ ಅಂದುಕೊಂಡದ್ದೇ ಜೀವ ಹಗುರಾಯಿತು. ತಲೆ ತಗ್ಗಿಸಿ ನಡೆದ. ಪಕ್ಕದಲ್ಲಿ ಕಲ್ಲಿನ ಮೆಟ್ಟಿಲುಗಳೇನೋ ಮೇಲಕ್ಕೆ ಹೋಗಿದ್ದವು, ದಾರಿ ಮಾತ್ರ ಗುಡ್ಡದ ಸೊಂಟ ಬಳಸಿ ಅಗಲವಾಗಿ ಮುಂದೆ ಹೋಗಿತ್ತು, ಅಗಲವಾದದ್ದನ್ನೇ ಹಿಡಿದ. ‘ಮನಿಗೆ ಬಾ’ ಎಂದು ನೋಡಿದ. ಹುಕುಂ ಮಾಡಿದ ಹಾಗಿತ್ತು. ‘ನೀ ಇಲ್ಲದ ಮನಿ ಭಣಾಭಣಾ ಅಂತೈತಿ’ ಎಂದ. ಆರು ಪಾವರಲೂಮು ಬಡಿಯುವ ಮನೆ ಭಣಗುಟ್ಟುವುದೆಂದರೆ ಯಾರಾದರೂ ನಕ್ಕಾರು. ಆದರೆ ಅದೇ ಖರೆ. ಆರು ಮಗ್ಗ ಒಟ್ಟಿಗೆ ಬಡಿಯುವಾಗಲೂ ಅವಳ ಲಾಳಿಯ ಸಪ್ಪಳ ಇಲ್ಲದ್ದು ಅವನಿಗೆ ಕೇಳುತ್ತಿತ್ತು. ಊಟಕ್ಕೆ ಕೂತಾಗ ಎದುರಿನ ನೆಲ ನೋಡುತ್ತಿದ್ದ. ಅವಳು ತಿರುಗಿ ಬರಬೇಕು, ಬಂದು ಆ ನೆಲದ ಮೇಲೆ ಕೂತು ಉಪ್ಪು ಸಾಕೇನ್ರಿ ಎನ್ನಬೇಕು, ಇದಿಷ್ಟು ಬಿಟ್ಟು ಅವನಿಗೆ ಈ ಜನ್ಮದಲ್ಲಿ ಬೇರೆ ಏನೂ ಬೇಕಿರಲಿಲ್ಲ. ‘ಸಿಮೆಂಟ ಒಡಸತೇನಿ’ ಎಂದ. ಇದು ಪರವಾಗಿಲ್ಲ. ‘ತಪ್ಪಾತು’ ಎಂದ. ಈ ಮಾತನ್ನು ಅರಿವೆ ವ್ಯಾಪಾರದವರಿಗೆ ಹೇಳಿದ್ದ, ಕರೆಂಟಿನವರಿಗೆ ಹೇಳಿದ್ದ, ಬಸ್ಸಿನಲ್ಲಿ ಕಾಲು ತುಳಿದ ಅಪರಿಚಿತರಿಗೆ ಹೇಳಿದ್ದ. ಹೆಂಡತಿಗೆ ಮಾತ್ರ ಹೇಳಿರಲಿಲ್ಲ. ಹೇಳಿದರೆ ಏನು ಕಳೆದುಹೋಗುತ್ತದೆಂದು ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದೆನೋ ಎಂದು ಅವನಿಗೇ ಸೋಜಿಗವಾಯಿತು.

ಬಾರಿಗಿಡಗಳ ಸಂದಿಯಲ್ಲಿ ಏನೋ ಅಲುಗಿತು. ಚಿಗರಿ. ಇಪ್ಪತ್ತು ಹೆಜ್ಜೆ ದೂರದಲ್ಲಿ, ಕಿವಿ ನೆಟ್ಟಗೆ ಮಾಡಿ ಅವನನ್ನೇ ನೋಡುತ್ತಿತ್ತು. ಉಸಿರು ಬಿಗಿಹಿಡಿದು ನಿಂತ. ಅದರ ಹೊಟ್ಟೆಯ ಬಿಳುಪಿನ ಮೇಲೆ ಎಲೆಯ ನೆರಳು ಆಡುತ್ತಿತ್ತು. ‘ನೋಡಲ್ಲೆ’ ಎಂದು ಮೆಲ್ಲಗೆ, ತನ್ನ ಗಂಟಲಿಗೆ ಇಷ್ಟು ಮೆಲ್ಲಗೆ ಬರುತ್ತದೆಂದು ತನಗೇ ಗೊತ್ತಿಲ್ಲದಷ್ಟು ಮೆಲ್ಲಗೆ ಹೇಳಿ ಬಲಕ್ಕೆ ತಿರುಗಿದ. ಬಲಗಡೆ ಯಾರೂ ಇರಲಿಲ್ಲ. ಮತ್ತೆ ನೋಡುವುದರೊಳಗೆ ಚಿಗರಿಯೂ ಇರಲಿಲ್ಲ. ತೋರಿಸಬೇಕೆನ್ನಿಸಿದ ಒಂದೇ ಒಂದು ವಸ್ತುವಿನ ಹೊತ್ತಿನಲ್ಲಿ ಅವಳನ್ನು ಕಟ್ಟೆಯ ಮೇಲೆ ಕೂರಿಸಿ ಬಂದಿದ್ದ. ಸಂಕಟವಾಯಿತು. ಬೇಗ ತುದಿ ಮುಟ್ಟಿ ತಿರುಗಬೇಕೆಂದು ಬಿರುಸಾಗಿ ನಡೆದ. ದಾರಿ ಇಳಿಯಿತು, ಇಳಿದು ಬಳಸಿತು, ಇನ್ನೊಂದು ತಿರುವಿನಾಚೆ ತುದಿ ಇದ್ದೀತೆಂದು ನಡೆದ. ತಿರುವಿನಾಚೆ ಒಂದು ಹಸಿರು ಫಲಕದ ಬೆನ್ನು ಕಂಡಿತು. ಅದರಾಚೆ ಕಾರುಗಳು. ಒಂದು ಕಾರಿನ ಬಾನೆಟ್ಟಿನ ಮೇಲೆ ಕಾಂಚನಾ ಕೂತು ಪೇರಲ ತಿನ್ನುತ್ತಿದ್ದಳು.

ರಾಜಶ್ರೀ ಅವನ ಹಿಂದೆ ನೋಡಿದಳು, ಮತ್ತೂ ಹಿಂದೆ ನೋಡಿದಳು. ‘ಅವ್ವ ಎಲ್ಲಿ?’

‘ಕಟ್ಟಿ ಮ್ಯಾಲ ಕುಂತಾಳ. ಹಿಂದ ಬರೂಮುಂದ ಕರಕೊಂಡ ಬರೂಣಂತ...’

‘ಹಿಂದ ಎಲ್ಲಿ ಬರತೈತಿ ಅಪ್ಪಾ ಈ ದಾರಿ? ಕೆರಿ, ಗುಡ್ಡ ಸುತ್ತ ಹಾಕಿ ಗುಂಡಗ ಇಲ್ಲಿಗೇ ಬರತೈತಿ. ಬೋರ್ಡಿನ ಮ್ಯಾಲ ಬರದಾರಲಾ!’

ಬಾಗಿಲು ಕಾಯುವ ತುಕಾರಾಮನೆಂಬವನಿಗೆ ನಗು ತಡೆಯಲಾಗಲಿಲ್ಲ. ‘ಬನಹಟ್ಟಿ ಮಂದಿ ಏನ್ರಿ? ಹೋದ ತಿಂಗಳ ನಿಮ್ಮೂರಾವರ ಒಬ್ರು ಹಿಂಗ ಬುತ್ತಿ ಬಿಟ್ಟ ಬಂದಿದ್ರು. ನೀವು ಹೆಣ್ತೀನ್ನ ಬಿಟ್ಟೀರಿ. ಹೆಸರ ಹೇಳ್ರಿ, ಮೈಕಿನ್ಯಾಗ ಕೂಗತೇನಿ.’ ಹೆಂಡತಿಯ ಹೆಸರನ್ನು ಹತ್ತು ಮಂದಿಯ ಮುಂದೆ ಹೇಳಿ ರೂಢಿಯಿಲ್ಲ. ಅವನು ಮಗಳ ಮುಖ ನೋಡಿದ. ಮಗಳು ಹೆಸರು ಹೇಳಲಿಲ್ಲ. ‘ಮೈಕ ಬ್ಯಾಡ್ರಿ’ ಎಂದಳು. ಅವ್ವನ ಫೋನು ಕಾರಿನಲ್ಲೇ ಇತ್ತು. ‘ಕೇಳಿದ್ಯಾ?’ ಎಂದು ತಂದೆಯ ಹತ್ತಿರ ಬಂದು ಸಣ್ಣಗೆ ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಅವಳ ಕಣ್ಣು ತುಂಬಿದವು. ‘ಅಕಿ ಅಲ್ಲಿ ಕಾಯಾಕತ್ತಿರತಾಳ. ಮತ್ತ ಕಾಯಾಕತ್ತಿರತಾಳ ಅಪ್ಪಾ.’

‘ನಾ ಹೋಗಿ ಕರಕೊಂಡ ಬರತೇನ್ರಿ ಮಾವಾರ, ನೀವು ಕುಂಡ್ರರಿ’ ಎಂದ ವೀರೇಶ.

‘ಬ್ಯಾಡ್ರಿ. ನೀವು ಇಲ್ಲೇ ನಿಲ್ರಿ, ಈ ಕಡಿಂದ ಬಂದ್ರೂ ಬಂದಾಳು. ನಾನ ಹೋಗತೇನಿ.’

ಏರಿಯ ಮೇಲೆ ಈಗ ಒಬ್ಬನೇ. ಓಡಬೇಕೆನ್ನಿಸಿದರೂ ಮೊಣಕಾಲು ಕೇಳಲಿಲ್ಲ. ಎದುರಾದವರು ಯಾರೂ ಅವನನ್ನು ನೋಡುತ್ತಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಾಗಿದೆ ಎನ್ನಿಸುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಎಲ್ಲ ದಾರಿಯೂ ಓಣಿಯಲ್ಲ, ಎಲ್ಲ ಹೋಗುವಿಕೆಗೂ ಬರುವಿಕೆ ಇರುವುದಿಲ್ಲ ಎನ್ನುವುದು ಐವತ್ತಾರು ವರ್ಷಕ್ಕೆ ತಿಳಿಯಬೇಕಾಯಿತೇ? ಅವಳು ಎಂಟು ದಿನ ಎಂದು ಹೋದಾಗಲೂ ಹೋದವರು ಬರುತ್ತಾರೆಂದೇ ಕೂತಿದ್ದ, ಒಂದು ಫೋನು ಮಾಡಲಿಲ್ಲ. ಅವಳು ಅಲ್ಲಿ ದಿನ ಎಣಿಸಿರಬೇಕು. ಎಂಟಾಯಿತು, ಒಂಬತ್ತಾಯಿತು, ತಿಂಗಳಾಯಿತು. ಈಗ ಕಟ್ಟೆಯ ಮೇಲೆ ಅವಳು ಏನೆಂದುಕೊಂಡಿರಬಹುದು? ಬಿಟ್ಟೇ ಹೋದರು ಎಂದಿರಬಹುದು. ಅಥವಾ ಏನೂ ಅಂದುಕೊಳ್ಳದೆ, ಯಾವತ್ತಿನ ಹಾಗೆ, ತುದಿ ಹಿಡಿದು ಕೂತಿರಬಹುದು. ಎರಡನೆಯದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು.

ಕಟ್ಟೆಯ ಮೇಲೆ ಚೀಲವೊಂದೇ ಇತ್ತು. ನಡುವೆ ಇರಲಿಲ್ಲ, ಒಂದು ಮೂಲೆಗೆ ಸರಿಸಿತ್ತು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಿತ್ತು. ತಾನು ಹೋದ ಮೇಲೆ ಸರಿಸಿದ್ದಾಳೆ, ತಾನು ಬಂದು ಕೂರಲೆಂದು ಸರಿಸಿದ್ದಾಳೆ ಎಂದು ಹೊಳೆಯಿತು. ‘ಏ’ ಎಂದು ಕೂಗಿದ. ‘ಎಲ್ಲಿದ್ದೀ?’ ಎಂದ. ಸುತ್ತ ಗಿಡ ಬಿಟ್ಟರೆ ಯಾರೂ ಇಲ್ಲ. ಹತ್ತು ಹನ್ನೆರಡು ಹೆಜ್ಜೆ ಮುಂದೆ ಹೋದರೆ, ಮೊದಲು ತಾನು ದಾಟಿ ಹೋಗಿದ್ದ ಆ ಕಲ್ಲಿನ ಮೆಟ್ಟಿಲುಗಳ ಬುಡದಲ್ಲಿ ಅವಳ ಚಪ್ಪಲಿ. ಕುಣಿಯ ಅಂಚಿಗೆ ಇಡುತ್ತಿದ್ದ ಹಾಗೆಯೇ ಜೋಡಿಸಿಟ್ಟಿದ್ದವು, ಮೂತಿ ಹೊರಗೆ. ಕತ್ತೆತ್ತಿದ. ಮೇಲೆ, ಕಂಬಿ ಹಾಕಿದ ಬಂಡೆಯ ಮೇಲೆ, ಶೇವಂತಿ ಒಬ್ಬಳೇ ನಿಂತಿದ್ದಳು. ನಲವತ್ತು ಮಾರು ಇದ್ದೀತು. ಗಾಳಿಗೆ ಸೆರಗು ಹಾರುತ್ತಿತ್ತು, ಅವಳು ಹಿಡಿದುಕೊಳ್ಳುತ್ತಿರಲಿಲ್ಲ. ಅವಳ ಮುಖ ಆಚೆಗಿತ್ತು, ಹೊಳೆಯ ಕಡೆಗೆ, ಗಲಗಲಿಯ ಕಡೆಗೆ. ಅವಳು ಯಾರನ್ನೂ ಕಾಯುತ್ತಿರಲಿಲ್ಲ. ಅವಳ ಬೆನ್ನು ಇಷ್ಟು ನೆಟ್ಟಗಿದ್ದದ್ದನ್ನು ಅವನು ಎಂದೂ ನೋಡಿರಲಿಲ್ಲ.

‘ಶೇವಂತೀ’ ಎಂದ. ಕೂಗಬೇಕೆಂದರೂ ಕೂಗಾಗಲಿಲ್ಲ, ಮಾತಾಯಿತು ಅಷ್ಟೇ. ಅವಳಿಗೆ ಕೇಳಿತೋ, ಸುಮ್ಮನೆ ತಿರುಗಿದಳೋ, ತಿರುಗಿದಳು. ಅವನನ್ನು ಕಂಡಳು. ಅವನು ಮೊದಲ ಮೆಟ್ಟಿಲಿಗೆ ಕಾಲಿಟ್ಟ. ಅವಳು ಅಂಗೈ ತೋರಿಸಿದಳು. ಕಾಲು ತಾನಾಗಿಯೇ ಕೆಳಗಿಳಿಯಿತು. ಸಿದ್ಧಮಾಡಿಕೊಂಡಿದ್ದ ಮಾತುಗಳಲ್ಲಿ ಒಂದೂ ಅಷ್ಟು ದೂರ ಹೋಗುವಂಥದಾಗಿರಲಿಲ್ಲ. ಗಿರಮಲ್ಲಪ್ಪ ಎರಡೂ ಕೈ ಎತ್ತಿ, ಎದೆಯ ಮುಂದೆ ಹಿಡಿದು, ಒಂದರ ಸುತ್ತ ಒಂದು ತಿರುಗಿಸಿದ. ಸುತ್ತೋಣ, ಮನೆಗೆ ಒಯ್ಯೋಣ. ಕಾಣಲಿಲ್ಲವೇನೋ ಎಂದು ಇನ್ನೊಮ್ಮೆ ತಿರುಗಿಸಿದ.

ಶೇವಂತಿ ಬಹಳ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಬಲಗೈ ಮುಂದೆ ಚಾಚಿ, ಬೆರಳ ತುದಿಗಳನ್ನು ಒಮ್ಮೆ ಕೊಡವಿದಳು. ಇನ್ನೂ ಹಸಿ ಇದೆ.

ಕೊಡವಿ, ಅವಳು ಮತ್ತೆ ಹೊಳೆಯ ಕಡೆ ತಿರುಗಿಕೊಂಡಳು. ಇಲ್ಲ ಎನ್ನುವುದಕ್ಕೆ ಬೇರೆ ಸನ್ನೆ ಇತ್ತು, ಅದನ್ನು ಮಾಡಲಿಲ್ಲ ಎಂದು ಅವನು ತನಗೆ ತಾನೇ ಎರಡು ಸಲ ಹೇಳಿಕೊಂಡ. ಕೆಳಗಿನಿಂದ ಹೊಸ ಕುಟುಂಬವೊಂದು ಹತ್ತಿ ಬಂದಿತು. ಗಂಡಸು ಚೀಲ ನೋಡಿ, ‘ಇಲ್ಲಿ ಯಾರರ ಅದಾರೇನ್ರಿ? ನೀವ ಕುಂಡ್ರರಲಾ, ಜಾಗಾ ಐತಿ’ ಎಂದ.

‘ಇರಲಿ, ನೀವು ಕುಂಡ್ರರಿ’ ಎಂದ ಗಿರಮಲ್ಲಪ್ಪ. ತುದಿ ಹಿಡಿದವರು ಹಾಸು ಒಣಗುವವರೆಗೆ ಕೂರುವಂತಿಲ್ಲ. ಅವನು ಅವಳ ಚಪ್ಪಲಿಗಳ ಪಕ್ಕದಲ್ಲಿ ನಿಂತುಕೊಂಡ.